ಪದಕವೂ ವೇತನವೂ

ವಿಶ್ವವಿದ್ಯಾನಿಲಯಗಳ ಘಟಿಕೋತ್ಸವ ನಡೆದ ಮರುದಿನ ವೃತ್ತಪತ್ರಿಕೆಗಳಲ್ಲಿ ಒಂದು ಭಾವಚಿತ್ರ ವರ್ಷವರ್ಷವೂ ತಪ್ಪದೆ ಅಚ್ಚಾಗುತ್ತದೆ. ಕೊರಳ ತುಂಬ ಚಿನ್ನದ ಪದಕಗಳನ್ನು ಧರಿಸಿದ ಒಬ್ಬ ಹೆಣ್ಣುಮಗಳು. ಪಕ್ಕದಲ್ಲಿ ಕಣ್ತುಂಬಿ ನಿಂತ ತಾಯಿತಂದೆಗಳು. ಕೆಳಗೆ, ಈ ಸಲವೂ ಪದಕಗಳಲ್ಲಿ ಹೆಣ್ಣುಮಕ್ಕಳದೇ ಮೇಲುಗೈ ಎಂಬ ಒಕ್ಕಣೆ. ವಿದ್ಯಾವಂತರ ಮನೆಗಳಲ್ಲಿ ಆ ಚಿತ್ರವನ್ನು ನೋಡಿ ಮೆಚ್ಚದವರಿಲ್ಲ, ಮೆಚ್ಚತಕ್ಕದ್ದೇ ಸರಿ. ಆದರೆ ಆ ಹೆಣ್ಣುಮಗಳು ಮರುವರ್ಷ ಎಲ್ಲಿದ್ದಾಳೆ, ಓದನ್ನು ಮುಂದುವರಿಸಿದ್ದಾಳೆಯೇ, ಮುಂದುವರಿಸಿದ್ದರೆ ಯಾರ ಅನ್ನವನ್ನು ಉಂಡು ಓದುತ್ತಿದ್ದಾಳೆ ಎಂಬುದನ್ನು ಯಾವ ಪತ್ರಿಕೆಯೂ ಅಚ್ಚುಮಾಡುವುದಿಲ್ಲ. ಕೇಳುವವರೂ ವಿರಳ.

ಪದಕವು ಮುಗಿದ ಕೆಲಸಕ್ಕೆ ಸಲ್ಲುವ ಮನ್ನಣೆ. ವೇತನವು ಇನ್ನೂ ಆಗಬೇಕಾದ ಕೆಲಸಕ್ಕೆ ಹೂಡುವ ಬಂಡವಾಳ. ಮೊದಲನೆಯದನ್ನು ಕೊಡುವುದರಲ್ಲಿ ಕನ್ನಡನಾಡಿನ ದಾನಿಗಳು ಹಿಂದೆಗೆದವರಲ್ಲ. ತಂದೆಯ ಹೆಸರಿನಲ್ಲಿ, ತಾಯಿಯ ನೆನಪಿಗೆ, ಗುರುಗಳ ಷಷ್ಟಿಪೂರ್ತಿಗೆ ಎಂದು ವಿಶ್ವವಿದ್ಯಾನಿಲಯಗಳಲ್ಲಿ ಇಟ್ಟಿರುವ ಪದಕದ ದತ್ತಿಗಳ ಪಟ್ಟಿಯನ್ನು ಓದುವುದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಎಂ.ಎ. ಅಥವಾ ಎಂ.ಎಸ್ಸಿ. ಮುಗಿಸಿದ ಹೆಣ್ಣುಮಗಳಿಗೆ ಮುಂದಿನ ಮೂರು ನಾಲ್ಕು ವರ್ಷ ಸಂಶೋಧನೆ ನಡೆಸುವುದಕ್ಕೆ ತಿಂಗಳು ತಿಂಗಳು ಇಷ್ಟೆಂದು ಕೊಡುವ ದತ್ತಿಗಳನ್ನು ಅದೇ ಪಟ್ಟಿಯಲ್ಲಿ ಹುಡುಕಿದರೆ ಎಣಿಕೆ ಬೇಗ ಮುಗಿಯುತ್ತದೆ. ಅನ್ನವನ್ನು ಬಡಿಸದ ಎಲೆಯ ಮೇಲೆ ಬಗೆಬಗೆಯ ಉಪ್ಪಿನಕಾಯಿಯನ್ನು ಇಟ್ಟಂತೆ ಈ ಔದಾರ್ಯ. ದತ್ತಿಯ ಹಣವು ಪದಕದಿಂದ ವೇತನದ ಕಡೆಗೆ ತಿರುಗಬೇಕೆಂಬುದೂ, ಆ ವೇತನದ ನಿಬಂಧನೆಗಳನ್ನು ಹೆಣ್ಣಿನ ಬಾಳು ನಡೆಯುವ ಬಗೆಯನ್ನು ಬಲ್ಲವರು ಬರೆಯಬೇಕೆಂಬುದೂ ಇಲ್ಲಿಯ ವಾದ.

ನಿಬಂಧನೆಯ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಣವಿಲ್ಲದೆ ನಿಂತುಹೋದ ಹೆಣ್ಣುಮಕ್ಕಳ ಕಥೆ ಎಲ್ಲರಿಗೂ ಗೊತ್ತು. ಹಣವಿದ್ದು, ಯೋಗ್ಯತೆಯೂ ಇದ್ದು, ನಿಯಮದ ಒಂದು ಸಾಲಿನಿಂದ ನಿಂತುಹೋದವರ ಕಥೆಯನ್ನು ಬಲ್ಲವರು ಕಡಮೆ. ನಾಸಿಕದಲ್ಲಿ 1866ರಲ್ಲಿ ಜನಿಸಿದ ಕಾರ್ನೇಲಿಯಾ ಸೊರಾಬ್ಜಿಯವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, 1880ರ ದಶಕದ ಕೊನೆಯಲ್ಲಿ ಮುಂಬಯಿ ಪ್ರಾಂತದ ಪದವಿಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದರು. ಆ ಸ್ಥಾನಕ್ಕೆ ಇಂಗ್ಲೆಂಡಿನಲ್ಲಿ ಓದುವ ಸರ್ಕಾರಿ ವೇತನವು ಸಲ್ಲಬೇಕಾಗಿತ್ತು. ಸಲ್ಲಲಿಲ್ಲ, ಗೆದ್ದವರು ಹೆಂಗಸು ಎಂಬುದಷ್ಟೇ ಕಾರಣ. ಆಮೇಲೆ ಮೇರಿ ಹಾಬ್‌ಹೌಸ್, ಫ್ಲಾರೆನ್ಸ್ ನೈಟಿಂಗೇಲ್ ಮೊದಲಾದವರು ಕೈಯಿಂದ ಕೈಗೆ ಕೂಡಿಸಿದ ನಿಧಿಯ ಬಲದಿಂದ ಅವರು 1889ರಲ್ಲಿ ಆಕ್ಸ್‌ಫರ್ಡಿನ ಸಾಮರ್‌ವಿಲ್ ಸೇರಿದರು. ನ್ಯಾಯಶಾಸ್ತ್ರದ ಬಿ.ಸಿ.ಎಲ್. ಪರೀಕ್ಷೆಯನ್ನು ಅವರು ಬರೆದು ಮುಗಿಸಿದ್ದು 1892ರಲ್ಲಿ. ಪದವಿ ಕೈಗೆ ಬಂದದ್ದು 1922ರಲ್ಲಿ. ಪರೀಕ್ಷೆಗೂ ಪದವಿಗೂ ನಡುವೆ ಮೂವತ್ತು ವರ್ಷ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ವಿದ್ಯಾಲಯಗಳ ಬಾಗಿಲಲ್ಲಿ ನಿಂತವರಾರೋ ಕಟ್ಟಿರಬೇಕು.

ಇದು ಪರರಾಜ್ಯದ ಕಾಲದ, ಪರದೇಶದವರ ಅನ್ಯಾಯವೆಂದು ಸಮಾಧಾನಪಡುವವರು ಬೆಂಗಳೂರಿನ ಕಡೆಗೆ ದೃಷ್ಟಿಯನ್ನು ತಿರುಗಿಸಬೇಕು. ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್ಸಿ.ಯಲ್ಲಿ ಮೊದಲಿಗರಾದ ಕಮಲಾ ಭಾಗವತ್ ಅವರು 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಇವರೇ ಮುಂದೆ ಕಮಲಾ ಸೊಹೋನಿ ಎಂದು ಖ್ಯಾತರಾದವರು. ಅವರ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಕಲಿತ ರಸಾಯನಶಾಸ್ತ್ರಜ್ಞರು. ಮನೆಯ ಕಡೆಯಿಂದ ಅಡ್ಡಿಯಿರಲಿಲ್ಲ. ಅಡ್ಡಿ ಬಂದದ್ದು ಆಗ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರಿಂದ. ಹೆಣ್ಣುಮಗಳೆಂದು ಮೊದಲು ತಿರಸ್ಕರಿಸಿ, ಆಕೆ ಪಟ್ಟುಹಿಡಿದ ಮೇಲೆ ಷರತ್ತುಗಳನ್ನು ವಿಧಿಸಿ ಸೇರಿಸಿಕೊಂಡರು: ಮೊದಲ ವರ್ಷ ಕ್ರಮವಾದ ವಿದ್ಯಾರ್ಥಿನಿಯೆಂದು ಗಣಿಸುವುದಿಲ್ಲ, ಮಾರ್ಗದರ್ಶಕರು ಹೇಳಿದಾಗ ರಾತ್ರಿಯಲ್ಲಿಯೂ ಕೆಲಸ ಮಾಡತಕ್ಕದ್ದು, ಆಕೆಯ ಇರವಿನಿಂದ ಪ್ರಯೋಗಶಾಲೆಯ ವಾತಾವರಣ ಕೆಡಬಾರದು. ಈ ಕೊನೆಯ ಷರತ್ತನ್ನು ಯಾವ ಗಂಡು ವಿದ್ಯಾರ್ಥಿಗಾದರೂ ವಿಧಿಸಿದ್ದುಂಟೇ? ಆಕೆ ಒಂದು ವರ್ಷ ದುಡಿದು ತೋರಿಸಿದ ಮೇಲೆ ರಾಮನ್ ಅವರು ಮನಸ್ಸನ್ನು ಬದಲಾಯಿಸಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕಮಲಾ ಅವರು 1936ರಲ್ಲಿ ಎಂ.ಎಸ್ಸಿ. ಮುಗಿಸಿ, ವಿದ್ಯಾರ್ಥಿವೇತನಗಳ ನೆರವಿನಿಂದ ಕೇಂಬ್ರಿಜಿಗೆ ಹೋಗಿ, ಸಸ್ಯಗಳ ಜೀವಕೋಶದಲ್ಲಿಯೂ ಸೈಟೋಕ್ರೋಮ್ ಸಿ ಎಂಬ ದ್ರವ್ಯವಿದೆಯೆಂದು ತೋರಿಸಿ, 1939ರಲ್ಲಿ ಡಾಕ್ಟರೇಟ್ ಪಡೆದರು. ಬೆಂಗಳೂರಿನ ಷರತ್ತುಗಳು ತಮಗಾದ ದೊಡ್ಡ ಅವಮಾನವೆಂಬುದನ್ನು ಮಾತ್ರ ಅವರು ಮುಪ್ಪಿನಲ್ಲಿಯೂ ಮರೆಯಲಿಲ್ಲ.

ಅದೇ ಸಂಸ್ಥೆಯಲ್ಲಿ ಕೆಲವು ವರ್ಷಗಳ ತರುವಾಯ ನಡೆದ ಇನ್ನೊಂದು ಪ್ರಸಂಗವು ಪದಕ-ವೇತನಗಳ ಈ ಚರ್ಚೆಗೆ ಇನ್ನೂ ಹತ್ತಿರವಾದದ್ದು. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಜನಿಸಿದ ಅಣ್ಣಾ ಮಣಿಯವರ ಮನೆತನದಲ್ಲಿ ಹೆಣ್ಣುಮಕ್ಕಳಿಗೆ ಎಂಟನೆಯ ಹುಟ್ಟುಹಬ್ಬದಂದು ವಜ್ರದ ಓಲೆಗಳನ್ನು ಕೊಡುವ ವಾಡಿಕೆಯಿತ್ತು. ಮಗು ಓಲೆಯನ್ನು ಒಲ್ಲೆನೆಂದು ವಿಶ್ವಕೋಶದ ಸಂಪುಟಗಳನ್ನು ಕೇಳಿತು. ತಂದೆತಾಯಿಗಳು ತರಿಸಿಕೊಟ್ಟರು. ಅವರು ಹೇಗೆ ಒಪ್ಪಿದರೋ, ಬಂಧುಗಳು ಏನೆಂದರೋ! 1940ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಅಣ್ಣಾ ಮಣಿಯವರು ಬೆಂಗಳೂರಿಗೆ ಬಂದಾಗ ರಾಮನ್ ಅವರ ಪ್ರಯೋಗಶಾಲೆಯಲ್ಲಿ ಅವರಿಗೆ ಒದಗಿದ ವಸ್ತು ಯಾವುದು? ವಜ್ರವೇ. ಕಿವಿಗೆ ಬೇಡವೆಂದ ವಜ್ರವನ್ನು ಕಣ್ಣಮುಂದಿಟ್ಟುಕೊಂಡು, ಅದು ಬೆಳಕನ್ನು ಹೀರಿ ಮರಳಿ ಹೊಮ್ಮಿಸುವ ಬಗೆಯನ್ನು ಅವರು ವರ್ಷಗಟ್ಟಲೆ ಪರೀಕ್ಷಿಸಿದರು. ಒಂದೊಂದು ಛಾಯಾಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕು ಬೀಳಬೇಕಾಗಿದ್ದುದರಿಂದ ಎಷ್ಟೋ ಇರುಳುಗಳು ಪ್ರಯೋಗಶಾಲೆಯಲ್ಲಿಯೇ ಕಳೆದವು. ವಜ್ರ ಮತ್ತು ಮಾಣಿಕ್ಯಗಳ ಪ್ರಭೆಯನ್ನು ಕುರಿತು 1942ರಿಂದ 1945ರ ಒಳಗೆ ಅವರೊಬ್ಬರೇ ಬರೆದ ಐದು ಪ್ರಬಂಧಗಳು ಪ್ರಕಟವಾದವು. 1945ರಲ್ಲಿ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿದರು. ಆಗ ಆ ಸಂಸ್ಥೆಯ ಕೆಲಸಕ್ಕೆ ಪದವಿ ಬರುತ್ತಿದ್ದುದು ಅಲ್ಲಿಂದ. ವಿಶ್ವವಿದ್ಯಾನಿಲಯವು ಅದನ್ನು ಒಪ್ಪಲಿಲ್ಲ. ಪ್ರಬಂಧದಲ್ಲಿ ದೋಷವಿತ್ತೆಂದಲ್ಲ, ಲೇಖಕಿಗೆ ಎಂ.ಎಸ್ಸಿ. ಪದವಿ ಇರಲಿಲ್ಲವೆಂದು. ಬಿ.ಎಸ್ಸಿ. ಆನರ್ಸ್ ಪದವಿಯೂ, ಸಂಸ್ಥೆಯೇ ಕೊಟ್ಟ ಸಂಶೋಧನವೇತನವೂ, ಐದು ಪ್ರಬಂಧಗಳೂ ಸೇರಿ ಒಂದು ಎಂ.ಎಸ್ಸಿ.ಗೆ ಸಮನಾಗಲಿಲ್ಲ. ಆ ಮಹಾಪ್ರಬಂಧವು ಬೈಂಡು ಮಾಡಿಸಿಕೊಂಡು ಬೆಂಗಳೂರಿನ ರಾಮನ್ ಸಂಶೋಧನಾಲಯದ ಗ್ರಂಥಭಂಡಾರದಲ್ಲಿ ಉಳಿಯಿತು.

ಅಣ್ಣಾ ಮಣಿಯವರು ಇದಕ್ಕಾಗಿ ಕೊರಗುತ್ತ ಕೂರಲಿಲ್ಲ. ಅದೇ ವರ್ಷ ಸರ್ಕಾರದ ವೇತನದ ಮೇಲೆ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ಶಾಸ್ತ್ರವನ್ನು ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿ, ಬಿಸಿಲನ್ನೂ ಗಾಳಿಯನ್ನೂ ಅಳೆಯುವ ಉಪಕರಣಗಳು ಸ್ವದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. ಇದನ್ನು ಕೇಳಿದೊಡನೆ, “ನೋಡಿ, ಪದವಿಯಿಲ್ಲದೆಯೂ ಅವರಿಗೇನು ಕಡಮೆಯಾಯಿತು?” ಎನ್ನುವವರು ಇರುತ್ತಾರೆ. ಈ ಮಾತು ಕಿವಿಗೆ ಹಿತವಾದದ್ದು, ಆದರೆ ಬಹಳ ಕ್ರೂರವಾದದ್ದು. ಗಟ್ಟಿಜೀವವೊಂದು ಅನ್ಯಾಯವನ್ನು ದಾಟಿಕೊಂಡು ಬದುಕಿತೆಂದರೆ ಅನ್ಯಾಯಕ್ಕೆ ಪ್ರಮಾಣಪತ್ರ ಸಿಕ್ಕಿದಂತಾಗುವುದಿಲ್ಲ. ದಾಟಲಾರದೆ ಊರಿಗೆ ಹಿಂದಿರುಗಿದ ಹೆಣ್ಣುಮಕ್ಕಳ ಹೆಸರನ್ನು ಯಾವ ಚರಿತ್ರೆಯಲ್ಲಿಯೂ ಬರೆದಿಟ್ಟಿಲ್ಲ.

ಇನ್ನು ಒಳ್ಳೆಯ ದತ್ತಿಯೊಂದರ ಮಾತು. ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯದ ಆಡಳಿತಮಂಡಳಿಯಲ್ಲಿದ್ದ ಲೆವಿ ಬಾರ್ಬರ್ ಎಂಬ ಡೆಟ್ರಾಯಿಟ್ ನಗರದ ವಕೀಲರು ಏಷ್ಯಾ ಖಂಡದಲ್ಲಿ ಸಂಚರಿಸುವಾಗ, ತಮ್ಮ ವಿಶ್ವವಿದ್ಯಾನಿಲಯದಲ್ಲಿ ಕಲಿತು ಸ್ವದೇಶದಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ಸ್ತ್ರೀವೈದ್ಯರನ್ನು ಕಂಡರು. ಊರಿಗೆ ಮರಳಿದ ಮೇಲೆ, 1917ರಲ್ಲಿ, ಏಷ್ಯಾದ ಹೆಣ್ಣುಮಕ್ಕಳ ಉನ್ನತ ವ್ಯಾಸಂಗಕ್ಕೆಂದೇ ಒಂದು ನಿಧಿಯನ್ನು ಸ್ಥಾಪಿಸಿದರು. ಅದರ ನೆರವನ್ನು ಪಡೆದವರಲ್ಲಿ ತಲಚೇರಿಯ ಇ. ಕೆ. ಜಾನಕಿ ಅಮ್ಮಾಳ್ ಒಬ್ಬರು. ಮದರಾಸಿನಲ್ಲಿ ಅಧ್ಯಾಪಕಿಯಾಗಿದ್ದ ಅವರು ಮಿಷಿಗನ್ನಿಗೆ ಹೋಗಿ ಸ್ನಾತಕೋತ್ತರ ಪದವಿ ಪಡೆದರು. ಹಿಂದಿರುಗಿ ಪಾಠ ಹೇಳಿದರು. ಮತ್ತೆ ಅದೇ ನಿಧಿಯ ನೆರವಿನಿಂದಲೇ ಹೋಗಿ 1931ರಲ್ಲಿ ಡಿ.ಎಸ್ಸಿ. ಆದರು. ನಡುವೆ ವಿರಾಮವಾಯಿತೆಂದು ಬಾಗಿಲು ಮುಚ್ಚಲಿಲ್ಲ. ಕೊಯಮತ್ತೂರಿನ ಕಬ್ಬಿನ ತಳಿಗಳ ಮೇಲೆ ಅವರು ಮಾಡಿದ ಕೆಲಸವನ್ನೂ, ಡಾರ್ಲಿಂಗ್‌ಟನ್ ಅವರೊಡನೆ 1945ರಲ್ಲಿ ಪ್ರಕಟಿಸಿದ ಸಸ್ಯಗಳ ವರ್ಣತಂತುಗಳ ಕೋಶವನ್ನೂ ಲೆಕ್ಕಕ್ಕೆ ಹಿಡಿದರೆ ಬಾರ್ಬರ್ ಅವರ ಡಾಲರುಗಳು ಎಷ್ಟು ಬಡ್ಡಿಯನ್ನು ಗಳಿಸಿದವೆಂದು ತಿಳಿದೀತು.

ಕನ್ನಡನಾಡಿಗೂ ಆ ನಿಧಿಯ ಋಣವುಂಟು. ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರು ಬೆಂಗಳೂರಿನ ಮಹಿಳಾ ಸೇವಾ ಸಮಾಜವನ್ನು ಕಟ್ಟಿದವರು. ಅವರ ಮೊಮ್ಮಗಳು ರಾಜೇಶ್ವರಿ, 1922ರಲ್ಲಿ ಜನಿಸಿ, ಅಜ್ಜಿಯ ಆ ಶಾಲೆಯಲ್ಲಿ ಕಲಿತು, ಸೆಂಟ್ರಲ್ ಕಾಲೇಜಿನಿಂದ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ.ಗಳನ್ನು ಮೊದಲ ಸ್ಥಾನದಲ್ಲಿ ಮುಗಿಸಿದರು. ಅವರಿಗೂ ಬಹುಮಾನಗಳು ಬಂದವು: ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನದು ಒಂದು, ಎಂ. ಟಿ. ನಾರಾಯಣ ಅಯ್ಯಂಗಾರರ ಹೆಸರಿನದು ಇನ್ನೊಂದು, ವಾಲ್ಟರ್ಸ್ ಸ್ಮಾರಕವೆಂಬುದು ಮತ್ತೊಂದು. ಕಥೆ ಅಲ್ಲಿಗೇ ಮುಗಿದಿದ್ದರೆ ಬಹುಮಾನಗಳು ಬೀರುವಿನಲ್ಲಿ ಉಳಿಯುತ್ತಿದ್ದವು. ಮುಗಿಯದಂತೆ ನೋಡಿಕೊಂಡದ್ದು ಭಾರತ ಸರ್ಕಾರದ ವಿದೇಶವ್ಯಾಸಂಗದ ವೇತನ. ಅದರ ಬಲದಿಂದ ಅವರು ಸಮುದ್ರವನ್ನು ದಾಟಿ ಮಿಷಿಗನ್ನಿನಲ್ಲಿ ವಿದ್ಯುಚ್ಛಾಸ್ತ್ರವನ್ನು ಓದಿದರು. ಮುಂದಿನ ವ್ಯಾಸಂಗಕ್ಕೆ ಬಾರ್ಬರ್ ವೇತನ ಒದಗಿತು. ಡಾಕ್ಟರೇಟ್ ಪಡೆದು 1953ರಲ್ಲಿ ಬೆಂಗಳೂರಿಗೆ ಮರಳಿದರು. ಇವರೇ ಸೂಕ್ಷ್ಮತರಂಗಗಳ ವಿದ್ಯೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಳಿಸಿದವರಲ್ಲಿ ಒಬ್ಬರಾದ ಪ್ರೊಫೆಸರ್ ರಾಜೇಶ್ವರಿ ಚಟರ್ಜಿ. ಅವರು ಮೂವತ್ತು ವರ್ಷಗಳ ಹತ್ತಿರ ಅಲ್ಲಿಯೇ ಕಲಿಸಿದರು. ಇಪ್ಪತ್ತು ಮಂದಿ ಅವರ ಕೈಕೆಳಗೆ ಡಾಕ್ಟರೇಟ್ ಪಡೆದರು. ಒಬ್ಬ ಹೆಣ್ಣುಮಗಳ ಮೇಲೆ ಎರಡು ವೇತನಗಳು ಖರ್ಚಾದವು. ಒಂದು ಶಾಸ್ತ್ರಶಾಖೆ ನಾಡಿನಲ್ಲಿ ಬೇರೂರಿತು.

ಈಗಿನ ಸ್ಥಿತಿಯನ್ನು ನೋಡೋಣವೆಂದರೆ, ಹಳೆಯ ಬಾಗಿಲುಗಳು ತೆರೆದಿವೆಯೆಂಬುದು ನಿಸ್ಸಂದೇಹ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣದ ಸಮೀಕ್ಷೆಯಂತೆ 2021-22ರಲ್ಲಿ ದೇಶದಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ಸುಮಾರು 2.13 ಲಕ್ಷ ಮಂದಿಯಲ್ಲಿ ಹೆಂಗಸರು ಸುಮಾರು 99 ಸಾವಿರ. 2014-15ರಲ್ಲಿ ಈ ಸಂಖ್ಯೆ 48 ಸಾವಿರದಷ್ಟಿತ್ತು. ಹಿಗ್ಗತಕ್ಕ ಸಂಗತಿ. ಆದರೆ 2018ರ ಗಣನೆಯಲ್ಲಿ, ಸಂಶೋಧನೆಯ ಉದ್ಯೋಗದಲ್ಲಿ ನೇರವಾಗಿ ತೊಡಗಿದ್ದವರಲ್ಲಿ ಹೆಂಗಸರ ಪಾಲು ನೂರಕ್ಕೆ 16.6 ಮಾತ್ರ. ಹೆಸರು ಬರೆಸುವವರಲ್ಲಿ ಹತ್ತಿರ ಹತ್ತಿರ ಅರ್ಧ, ದುಡಿಯುವವರಲ್ಲಿ ಆರರಲ್ಲೊಂದು! ಇದರಲ್ಲಿ ಹಿಂದಿನ ತಲೆಮಾರುಗಳ ಕೊರತೆಯೂ ಸೇರಿದೆಯೆಂಬುದು ನಿಜ. ಆದರೂ ಪ್ರಬಂಧ ಮುಗಿಯುವ ಹೊತ್ತಿಗೋ ಮುಗಿದ ಮೇಲೋ ಕೈಬಿಟ್ಟು ಹೋಗುವವರು ಎಷ್ಟು ಮಂದಿಯೆಂಬುದನ್ನು ಪ್ರತಿಯೊಂದು ಊರಿನ ವಿದ್ಯಾವಂತ ಕುಟುಂಬಗಳೂ ತಮ್ಮ ನಂಟರಲ್ಲಿಯೇ ಎಣಿಸಿ ನೋಡಬಹುದು.

ಕೈಬಿಡುವುದಕ್ಕೆ ಕಾರಣ ಅವರ ಬುದ್ಧಿಯಲ್ಲಿಲ್ಲ, ಪಂಚಾಂಗದಲ್ಲಿದೆ. ಇಪ್ಪತ್ತೆರಡಕ್ಕೆ ಎಂ.ಎ., ಇಪ್ಪತ್ತೈದಕ್ಕೆ ಮದುವೆ, ಇಪ್ಪತ್ತೇಳಕ್ಕೆ ಬಾಣಂತನ, ಮೂವತ್ತಕ್ಕೆ ಎರಡನೆಯದು, ಆಮೇಲೆ ಅತ್ತೆಯವರ ಶುಶ್ರೂಷೆ: ಸಂಶೋಧನೆಯ ಬಿಸಿಯಾದ ವರ್ಷಗಳೂ ಇವೇ. ಯು.ಜಿ.ಸಿ.ಯ ಕಿರಿಯ ಸಂಶೋಧನವೇತನಕ್ಕೆ ವಯೋಮಿತಿ 30; ಸ್ತ್ರೀಯರಿಗೆ ಐದು ವರ್ಷದ ಸಡಿಲಿಕೆ. 2022ರ ನಿಯಮಾವಳಿಯು ಪಿಎಚ್.ಡಿ. ಮುಗಿಸಲು ಸ್ತ್ರೀಯರಿಗೆ ಹತ್ತು ವರ್ಷದವರೆಗೂ ಅವಕಾಶ ಕೊಟ್ಟಿದೆ. ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳ ರಜೆಯುಂಟು. ಒಳ್ಳೆಯದೇ. ಆದರೆ ಆ ವೇತನದ ಒಟ್ಟು ಅವಧಿ ಐದೇ ವರ್ಷ. ಕಾಲವನ್ನು ಹಿಗ್ಗಿಸಿದರು, ಚೀಲವನ್ನು ಹಿಗ್ಗಿಸಲಿಲ್ಲ. ಐದು ವರ್ಷವಾದ ಮೇಲೆ ಅವಳು ಗಂಡನ ಸಂಬಳದ ಮೇಲೆ ಓದಬೇಕು. ಗಂಡನ ಸಂಬಳ ಯಾವುದಕ್ಕೆ ಮೊದಲು ಸಲ್ಲಬೇಕೆಂಬುದನ್ನು ಸಾಮಾನ್ಯವಾಗಿ ಅವಳು ತೀರ್ಮಾನಿಸುವುದಿಲ್ಲ. ಕೇಂದ್ರದ ವಿಜ್ಞಾನ ಇಲಾಖೆಯು 2002-03ರಲ್ಲಿ ಆರಂಭಿಸಿದ ಮಹಿಳಾ ವಿಜ್ಞಾನಿಗಳ ಯೋಜನೆಯು ನಡುವೆ ಕೆಲಸ ಬಿಟ್ಟವರನ್ನು ಮರಳಿ ಪ್ರಯೋಗಶಾಲೆಗೆ ಕರೆತರುವ ಉದ್ದೇಶದಿಂದ ಹುಟ್ಟಿತು. ನಿಬಂಧನೆಯನ್ನು ಬರೆದವರು ಹೆಣ್ಣಿನ ಬಾಳನ್ನು ಕಂಡಿದ್ದರೆಂಬುದಕ್ಕೆ ಅದು ಸಾಕ್ಷಿ. ಅಂಥದು ವಿಜ್ಞಾನಕ್ಕೆ ಸಿಕ್ಕಿತು. ಹಳಗನ್ನಡದ ಹಸ್ತಪ್ರತಿಗಳನ್ನೋ ಶಾಸನಗಳನ್ನೋ ಹಿಡಿದು ಕೂತವಳು ನಡುವೆ ಹತ್ತು ವರ್ಷ ಮನೆವಾರ್ತೆಯಲ್ಲಿ ಮುಳುಗಿ ಮತ್ತೆ ಎದ್ದು ಬಂದರೆ ಅವಳ ಪಾಲಿಗೆ ಅಷ್ಟು ವಿಶಾಲವಾದ ಬಾಗಿಲು ಯಾವುದು?

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಸಾವಿತ್ರಿಬಾಯಿ ಫುಲೆಯವರ ಪೂಜ್ಯವಾದ ಹೆಸರಿನಲ್ಲಿ ಯು.ಜಿ.ಸಿ. ಒಂದು ಸಂಶೋಧನವೇತನವನ್ನು ಇಟ್ಟಿದೆ. ಅದು ತಾಯಿತಂದೆಗಳಿಗೆ ಒಬ್ಬಳೇ ಮಗಳಾಗಿ ಹುಟ್ಟಿದವಳಿಗೆ ಮೀಸಲು. ಅವಳಿಗೆ ಅಣ್ಣತಮ್ಮಂದಿರೂ ಇರಕೂಡದು, ಅವಳಿಜವಳಿಯಲ್ಲದೆ ಅಕ್ಕತಂಗಿಯರೂ ಇರಕೂಡದು. ಇಲ್ಲಿ ಮನ್ನಣೆ ಸಲ್ಲುವುದು ಓದುವವಳಿಗೋ, ಅವಳನ್ನು ಒಬ್ಬಳಿಗೇ ನಿಲ್ಲಿಸಿದ ತಂದೆತಾಯಿಗಳಿಗೋ? ಒಬ್ಬಳೇ ಮಗಳಿರುವ ಮನೆಯಲ್ಲಿ ಓದಿನ ಹಣಕ್ಕೆ ಪಾಲುದಾರರಿಲ್ಲ. ಮೂವರು ಹೆಣ್ಣುಮಕ್ಕಳೂ ಕೊನೆಗೊಬ್ಬ ಗಂಡುಮಗನೂ ಇರುವ ಮನೆಯಲ್ಲಿ ಎರಡನೆಯ ಮಗಳು ಪಿಎಚ್.ಡಿ. ಎಂದು ಬಾಯಿಬಿಟ್ಟರೆ, ತಂಗಿಯ ಮದುವೆಯನ್ನೂ ತಮ್ಮನ ಇಂಜಿನಿಯರಿಂಗ್ ಸೀಟನ್ನೂ ತೋರಿಸಿ ಬಾಯಿ ಮುಚ್ಚಿಸುತ್ತಾರೆ. ವೇತನದ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಗೆ ಅದು ಹೋಗದಂತೆ ಇದಕ್ಕಿಂತ ಅಚ್ಚುಕಟ್ಟಾಗಿ ನಿಯಮ ಬರೆಯುವುದು ಕಷ್ಟ.

ಪ್ರತಿವಾದಿಗಳ ಮಾತನ್ನೂ ಕೇಳಬೇಕಷ್ಟೆ. ವಿದ್ಯೆಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಹೆಂಗಸರಿಗೆಂದೇ ಪ್ರತ್ಯೇಕ ನಿಧಿ ಏಕೆ ಎಂಬುದು ಒಂದು ಆಕ್ಷೇಪ. ಸೆಸಿಲ್ ರೋಡ್ಸ್ ಎಂಬವನು 1902ರಲ್ಲಿ ಸಾಯುವಾಗ ಬಿಟ್ಟುಹೋದ ಹಣದಿಂದ ನಡೆಯುವ ಆಕ್ಸ್‌ಫರ್ಡಿನ ವೇತನವು ಲೋಕಪ್ರಸಿದ್ಧವಾದದ್ದು. 1977ರವರೆಗೆ ಆ ವೇತನದ ಮೇಲೆ ಒಬ್ಬ ಹೆಂಗಸೂ ಆಕ್ಸ್‌ಫರ್ಡಿಗೆ ಹೋಗಲಿಲ್ಲ, ಹೋಗುವಂತಿರಲಿಲ್ಲ. ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅದು ಗಂಡಸರ ಪ್ರತ್ಯೇಕ ನಿಧಿಯಾಗಿತ್ತು. ಆಗ ಭೇದದ ಮಾತನ್ನು ಎತ್ತಿದವರ ಸಂಖ್ಯೆ ಹೆಚ್ಚಲ್ಲ. ಮದುವೆಯಾಗಿ ಹೋಗುವವಳಿಗೆ ಕೊಟ್ಟ ಹಣ ವ್ಯರ್ಥ ಎಂಬುದು ಎರಡನೆಯ ಆಕ್ಷೇಪ. ಇದನ್ನು ಗಟ್ಟಿಯಾಗಿ ಹೇಳುವವರು ಈಗ ಕಡಮೆ, ಒಳಗೊಳಗೆ ನಂಬುವವರು ಬಹಳ. ರಾಜೇಶ್ವರಿ ಚಟರ್ಜಿಯವರು ಮದುವೆಯಾಗಿದ್ದರು. ಪತಿಪತ್ನಿಯರಿಬ್ಬರೂ ಕೂಡಿ ಸೂಕ್ಷ್ಮತರಂಗಗಳ ಪ್ರಯೋಗಶಾಲೆಯನ್ನು ಬೆಳೆಸಿದರು. ಇಷ್ಟಕ್ಕೂ ವೇತನ ಪಡೆದು ಓದಿ, ಆ ಶಾಸ್ತ್ರವನ್ನು ಪೂರ್ತಿಯಾಗಿ ಬಿಟ್ಟು ಬ್ಯಾಂಕಿನ ಕೆಲಸಕ್ಕೋ ವ್ಯಾಪಾರಕ್ಕೋ ಹೋದ ಗಂಡಸರ ಮೇಲೆ ಹಣ ವ್ಯರ್ಥವಾಯಿತೆಂಬ ದೂರು ಎಂದಾದರೂ ಕೇಳಿಬಂದಿದೆಯೇ?

ಮೂರನೆಯ ಆಕ್ಷೇಪವೇ ಉತ್ತರಿಸತಕ್ಕದ್ದು. ಪದಕಕ್ಕೆ ಅಲ್ಪ ದತ್ತಿ ಸಾಕು. ಒಬ್ಬಳ ವೇತನವನ್ನು ಹೊರುವಷ್ಟು ಶಕ್ತಿ ಜಿಲ್ಲೆಯ ಒಬ್ಬ ಗೃಹಸ್ಥನಿಗೆ ಎಲ್ಲಿಂದ ಬರಬೇಕು ಎಂದು ಅವರು ಕೇಳುತ್ತಾರೆ. ನಿಜ, ಕಿರಿಯ ಸಂಶೋಧನವೇತನದ ದರ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಐದು ಲಕ್ಷದ ದತ್ತಿಯೊಂದು ನೂರಕ್ಕೆ ಏಳರಂತೆ ಬಡ್ಡಿ ತಂದರೆ ವರ್ಷಕ್ಕೆ 35,000. ತಿಂಗಳಿಗೆ ಮೂರು ಸಾವಿರಕ್ಕೂ ಕಡಮೆ. ಅಂಥ ಹತ್ತು ದತ್ತಿಗಳು ಒಂದುಗೂಡಿದರೆ ತಿಂಗಳಿಗೆ 29,000 ಆಗುತ್ತದೆ, ಒಬ್ಬ ಹೆಣ್ಣುಮಗಳು ಯಾರ ಹಂಗೂ ಇಲ್ಲದೆ ಓದಬಲ್ಲಳು. ಹತ್ತು ತಾಯಂದಿರ ಹೆಸರುಗಳೂ ಒಂದೇ ವೇತನದ ಮೇಲೆ ಇರಲಿ. ಅವರಲ್ಲಿ ಯಾರೂ ಜಗಳವಾಡಲು ಬರುವುದಿಲ್ಲ. ಸೊರಾಬ್ಜಿಯವರ ನಿಧಿ ಕೂಡಿದ್ದು ಹೀಗೆಯೇ. 1881ರಲ್ಲಿ ಬಾಸ್ಟನ್ ನಗರದಲ್ಲಿ ಹದಿನೇಳು ಮಂದಿ ಪದವೀಧರೆಯರು ಒಂದೆಡೆ ಕುಳಿತು ಆರಂಭಿಸಿದ ಸಂಘವು, ಆ ಶತಮಾನ ಮುಗಿಯುವ ಮೊದಲೇ, ಸಂಶೋಧನೆ ಮಾಡುವ ಹೆಂಗಸರಿಗೆ ವೇತನವನ್ನು ಕೊಡತೊಡಗಿತ್ತು.

ಹೊಸದಾಗಿ ದತ್ತಿಪತ್ರವನ್ನು ಬರೆಯುವವರು ನಿಬಂಧನೆಗಳಲ್ಲಿ ಕೆಲವನ್ನು ಮರೆಯದೆ ಸೇರಿಸಬೇಕು. ವೇತನವು ತಿಂಗಳ ಮೊದಲ ವಾರದಲ್ಲಿ ಅವಳ ಹೆಸರಿನ ಖಾತೆಗೇ ಸಲ್ಲಬೇಕು. ಆರು ತಿಂಗಳ ಬಾಕಿಯನ್ನು ಒಟ್ಟಿಗೆ ಕೊಡುವ ಪದ್ಧತಿಯು ತವರಿನ ಆಸರೆಯಿರುವವಳಿಗೆ ನಡೆದೀತು, ಇಲ್ಲದವಳಿಗೆ ಅದು ಓದಿನ ಕೊನೆ. ವಯಸ್ಸನ್ನು ಕೇಳಕೂಡದು. ಅಕ್ಕತಂಗಿಯರ ಲೆಕ್ಕವನ್ನು ಕೇಳಕೂಡದು. ಹೆರಿಗೆಗೋ ಶುಶ್ರೂಷೆಗೋ ಬಿಟ್ಟ ತಿಂಗಳುಗಳನ್ನು ಅವಧಿಯಿಂದ ಕಳೆಯದೆ ಕೊನೆಗೆ ಸೇರಿಸಬೇಕು. ಕ್ಷೇತ್ರಕಾರ್ಯಕ್ಕೆ ಹೋಗುವವಳಿಗೆ ಕೂಸನ್ನೂ ಕೂಸನ್ನು ನೋಡಿಕೊಳ್ಳುವವರನ್ನೂ ಕರೆದೊಯ್ಯುವ ಪ್ರಯಾಣದ ವೆಚ್ಚ ಸಿಗಬೇಕು. ಇದನ್ನು ಓದಿ ನಗುವವರು ಶಾಸನಗಳನ್ನು ಓದಲು ಹಳ್ಳಿಗೆ ಹೋದ ತಾಯಿಯೊಬ್ಬಳನ್ನು ಒಮ್ಮೆ ವಿಚಾರಿಸಲಿ. ಈಗಾಗಲೇ ಪದಕದ ದತ್ತಿಯನ್ನಿಟ್ಟಿರುವ ಮನೆತನಗಳು ಅದರ ಉದ್ದೇಶವನ್ನು ಬದಲಾಯಿಸಲು ಸಾಧ್ಯವೇ ಎಂದು ಆಯಾ ವಿಶ್ವವಿದ್ಯಾನಿಲಯದ ಕುಲಸಚಿವರಿಗೆ ಕಾಗದ ಬರೆದು ಕೇಳಬಹುದು. ಸಾಧ್ಯವಿಲ್ಲವೆಂದು ಉತ್ತರ ಬಂದರೆ ಆ ಪದಕವು ಇದ್ದಂತೆಯೇ ಇರಲಿ. ಮುಂದೆ ಮನೆಯಲ್ಲಿ ಯಾರ ಹೆಸರಿನಲ್ಲಾದರೂ ದತ್ತಿಯಿಡುವ ಸಂದರ್ಭ ಬಂದಾಗ, ಅಕ್ಕಸಾಲಿಗನನ್ನು ಕರೆಯುವ ಮೊದಲು, ಆ ಊರಿನಲ್ಲಿ ಪ್ರಬಂಧವನ್ನು ಅರ್ಧಕ್ಕೆ ನಿಲ್ಲಿಸಿ ಕೂತಿರುವ ಹೆಣ್ಣುಮಗಳು ಯಾರೆಂದು ವಿಚಾರಿಸತಕ್ಕದ್ದು.